ಎದ್ದು ನಿಂತ ಸಿಂಹ

ಇವತ್ತು ಒಂದು ಪ್ರಶ್ನೆ ಕೇಳ್ತೀನಿ. ದೇವರಿಗೆ ಅಂತ ಕೊಟ್ಟ ವಸ್ತುವಿನ ಮೇಲೆ ನಮ್ಮ ಗುರುತು ಹಾಕಿಸೋದು ಸರಿನಾ?

ಸ್ಕಾಟ್ಲೆಂಡ್ ದೇಶದ ಎಡಿನ್‌ಬರೋ ಪಟ್ಟಣದಲ್ಲಿ ಟ್ರಿನಿಟಿ ಕಾಲೇಜ್ ಚರ್ಚ್ ಅಂತ ಒಂದು ದೇವಾಲಯ ಇತ್ತು. ಅದರ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಬಾಂಕಿಲ್ ಎಂಬ ಪಾದ್ರಿ 1470ರ ದಶಕದಲ್ಲಿ ಹ್ಯೂಗೋ ವಾನ್ ಡರ್ ಗೂಸ್ ಎಂಬ ಚಿತ್ರಕಾರನಿಂದ ಬಲಿಪೀಠಕ್ಕಾಗಿ ಚಿತ್ರ ಬರೆಸಿದರು. ಬಾಗಿಲಿನ ಹಾಗೆ ತೆರೆದು ಮುಚ್ಚುವ ಮರದ ಹಲಗೆಗಳು, ಎರಡೂ ಬದಿಗೆ ಚಿತ್ರ. ತೆರೆದರೆ ಒಂದು ಕಡೆ ಮೂರನೇ ಜೇಮ್ಸ್ ರಾಜ, ಇನ್ನೊಂದು ಕಡೆ ರಾಣಿ ಮಾರ್ಗರೆಟ್. ರಾಜನ ಹಿಂದೆ ಅವನ ಚಿಕ್ಕ ಮಗ. ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸ್ತಿದ್ದಾರೆ. ಜೊತೆಗೆ ರಾಜಲಾಂಛನ ಇದೆ, ಹಿಂಗಾಲ ಮೇಲೆ ಎದ್ದು ನಿಂತ ಸ್ಕಾಟ್ಲೆಂಡಿನ ಕೆಂಪು ಸಿಂಹ. ರಾಣಿಯ ಕಡೆ ತವರುಮನೆ ಡೆನ್ಮಾರ್ಕಿನ ಗುರುತುಗಳೂ ಸೇರಿವೆ. ಪಾದ್ರಿ ಬಾಂಕಿಲ್ ಕೂಡ ಬಿಟ್ಟಿಲ್ಲ. ಹೊರಬದಿಯಲ್ಲಿ ಅವರ ಚಿತ್ರ ಇದೆ, ಅಲ್ಲಿಯ ಆರ್ಗನ್ ಪೀಠದ ಮೇಲೆ ಅವರ ಮನೆತನದ ಗುರುತೂ ಇದೆ.

ಇದು ಬರೀ ಅಹಂಕಾರ ಅಂತ ತಳ್ಳಿಬಿಡೋದು ಸುಲಭ. ಆದರೆ ನ್ಯಾಯವಾಗಿ ಯೋಚಿಸೋಣ. "ನಾನು, ನನ್ನ ಕಿರೀಟ, ನನ್ನ ರಾಜ್ಯ ಎಲ್ಲವೂ ದೇವರ ಮುಂದೆ ಬಾಗಿದೆ" ಅಂತ ಆ ರಾಜ ಹೇಳಬಹುದಲ್ವಾ? ಸತ್ಯವೇದದಲ್ಲೂ ಹೆಸರು ಬರೆಸಿದ್ದುಂಟು. ವಿಮೋಚನಕಾಂಡ 28ನೇ ಅಧ್ಯಾಯ ನೋಡಿ. ಆರೋನನ ಎದೆಪದಕದಲ್ಲಿ 12 ಕಲ್ಲು, ಅವುಗಳ ಮೇಲೆ 12 ಕುಲಗಳ ಹೆಸರು. ಹಾಗಾದ್ರೆ ಹೆಸರು ಇರೋದೇ ಪಾಪ ಅಲ್ಲ.

ವ್ಯತ್ಯಾಸ ಎಲ್ಲಿದೆ? ಆ ಹೆಸರುಗಳನ್ನು ಯಾಜಕನು ದೇವರ ಸನ್ನಿಧಿಗೆ ಹೊತ್ತುಕೊಂಡು ಹೋದನು, ದೇವರು ತನ್ನ ಜನರನ್ನು ನೆನಸಲಿ ಅಂತ. ಯೂದನಿಗೂ ಒಂದೇ ಕಲ್ಲು, ಬೆನ್ಯಾಮೀನನಿಗೂ ಒಂದೇ ಕಲ್ಲು. ಆದರೆ ಲಾಂಛನ ಜನರ ಕಡೆಗೆ ಮುಖಮಾಡಿದೆ. ಇದು ಯಾರ ಕಾಣಿಕೆ, ಇಲ್ಲಿ ದೊಡ್ಡವರು ಯಾರು ಅಂತ ಜನರಿಗೆ ಹೇಳುತ್ತೆ. ರಾಜ ಮೊಣಕಾಲೂರಿದ್ದಾನೆ, ಸಿಂಹ ಮಾತ್ರ ಎದ್ದು ನಿಂತಿದೆ!

ಆಮೇಲೆ ಏನಾಯ್ತು ಕೇಳಿ. 1488ರಲ್ಲಿ ದಂಗೆ ಎದ್ದವರ ವಿರುದ್ಧ ನಡೆದ ಯುದ್ಧದಲ್ಲಿ ಜೇಮ್ಸ್ ಸತ್ತ. ಚಿತ್ರದಲ್ಲಿ ಅಪ್ಪನ ಹಿಂದೆ ಮೊಣಕಾಲೂರಿದ ಅದೇ ಮಗ ಎದುರು ಪಕ್ಷದಲ್ಲಿದ್ದ. 1848ರಲ್ಲಿ ರೈಲ್ವೆ ಸ್ಟೇಷನ್ನಿಗಾಗಿ ಚರ್ಚನ್ನೇ ಕೆಡವಿದರು. ಈ ಎರಡು ಹಲಗೆಗಳ ನಡುವೆ ಮುಖ್ಯ ಚಿತ್ರ ಒಂದಿತ್ತು, 1560ರ ಮತಸುಧಾರಣೆಯ ಕಾಲದಲ್ಲಿ ಅದು ನಾಶವಾಯ್ತು ಅಂತ ಹೆಚ್ಚಿನ ಪಂಡಿತರು ಹೇಳ್ತಾರೆ. ಅಂದರೆ ಆರಾಧನೆಗೆ ಅಂತ ಇದ್ದ ನಡುವಿನ ಜಾಗ ಇವತ್ತು ಖಾಲಿ. ಕೊಟ್ಟವರ ಮುಖ, ಕೊಟ್ಟವರ ಲಾಂಛನ ಮಾತ್ರ ಉಳಿದಿದೆ.

ಪ್ರಿಯರೇ, ನಮ್ಮ ಸಭೆಗಳಲ್ಲಿ ರಾಜರಿಲ್ಲ. ಆದರೆ ಫ್ಯಾನಿನ ಮೇಲೆ, ಪುಲ್ಪಿಟ್ ಮೇಲೆ, ಗೋಡೆಯ ಕಲ್ಲಿನ ಮೇಲೆ ಹೆಸರು ಬರೆಸ್ತೀವಿ. ಕೊಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಹೆಸರು ಹಾಕಲ್ಲ ಅಂದರೂ ನಾನು ಇದನ್ನೇ ಕೊಡ್ತೀನಾ? ಏನೂ ಕೊಡೋಕಾಗದ ಒಬ್ಬ ಬಡ ತಾಯಿ ಒಳಗೆ ಬಂದು ಆ ಹೆಸರು ಓದಿದಾಗ, ಇದು ನನ್ನ ತಂದೆಯ ಮನೆ ಅಂತ ಅನಿಸುತ್ತಾ, ಅಥವಾ ಇನ್ಯಾರದೋ ಮನೆ ಅನಿಸುತ್ತಾ?

ಆ ಹಲಗೆಗಳನ್ನು ಮುಚ್ಚಿದಾಗ ಹೊರಗೆ ಕಾಣುವ ಚಿತ್ರ ಬೇರೆ. ತಂದೆಯಾದ ದೇವರು ಸತ್ತ ಮಗನ ದೇಹವನ್ನು ಹಿಡಿದುಕೊಂಡಿದ್ದಾನೆ. ಅಲ್ಲಿ ಮಗನ ಗುರುತು ಗಾಯಗಳೇ. ಪ್ರಕಟನೆ 5ನೇ ಅಧ್ಯಾಯದಲ್ಲಿ ಯೂದಕುಲದ ಸಿಂಹ ಜಯಹೊಂದಿದ್ದಾನೆ ಅಂತ ಯೋಹಾನನು ಕೇಳಿದ. ತಿರುಗಿ ನೋಡಿದರೆ ಕಂಡದ್ದು ಕೊಯ್ಯಲ್ಪಟ್ಟಂತಿದ್ದ ಕುರಿಮರಿ. ನಮಗಿರೋ ಸಿಂಹ ಆತನೊಬ್ಬನೇ. ನಡುವಿನ ಜಾಗ ಆತನಿಗೇ ಇರಲಿ. ನಮ್ಮ ಹೆಸರನ್ನು ನಮ್ಮ ಮಹಾಯಾಜಕನು ತನ್ನ ಎದೆಯ ಮೇಲೆ ಹೊತ್ತಿದ್ದಾನೆ, ಅದು ಸಾಕು. ಆಮೆನ್.