ಸುಳ್ಳು ಯಾತ್ರೆ, ನಿಜವಾದ ಸಹವಾಸ

2010ನೆಯ ಇಸವಿ ಜೂನ್ 3ರಂದು ಮಾಸ್ಕೋ ನಗರದ ಒಂದು ಸಂಶೋಧನಾಲಯದಲ್ಲಿ ಆರು ಜನ ಗಂಡಸರು ಕಿಟಕಿಯಿಲ್ಲದ ಕೋಣೆಗಳನ್ನು ಹೊಕ್ಕು ಬಾಗಿಲು ಹಾಕಿಸಿಕೊಂಡರು. ಮೂವರು ರಷ್ಯನರು, ಫ್ರಾನ್ಸ್, ಇಟಲಿ, ಚೀನಗಳಿಂದ ಒಬ್ಬೊಬ್ಬರು. ಪ್ರಯಾಣ ಮಂಗಳ ಗ್ರಹಕ್ಕೆ. ಆದರೆ ನೆಲದಿಂದ ಒಂದು ಗೇಣೂ ಮೇಲೇಳಲಿಲ್ಲ. 520 ದಿನ ಕಳೆದು, 2011ರ ನವೆಂಬರ್ 4ರಂದು, ಹೊರಟ ಊರಿನಲ್ಲಿಯೇ ಇಳಿದರು. ಅಷ್ಟು ದೀರ್ಘಕಾಲ ಮನುಷ್ಯರು ಒಂದೇ ಸೂರಿನಡಿ ಹೊಂದಿಕೊಂಡು ಬಾಳಬಲ್ಲರೆ ಎಂದು ನೋಡಲು ಹೂಡಿದ ಪರೀಕ್ಷೆ ಇದು. 'ಮಾರ್ಸ್-500' ಎಂದು ಅದರ ಹೆಸರು.

ಇದೆಂಥ ಹುಚ್ಚಾಟ ಎಂದು ನಗುವುದು ಸುಲಭ. ಅಲ್ಲಿಯ ಮಂಗಳವೆಂದರೆ ಮರಳು ಹಾಸಿದ ಒಂದು ಹಜಾರ. ಗೋಡೆಯಾಚೆ ಇದ್ದವರ ಉತ್ತರವನ್ನು ಬೇಕೆಂದೇ ತಡಮಾಡಿ ಕಳಿಸುತ್ತಿದ್ದರು. ಎಲ್ಲಕ್ಕೂ ಮಿಗಿಲಾಗಿ, ಒಲ್ಲೆನೆಂದವನು ಯಾವತ್ತಾದರೂ ಹೊರಗೆ ಬರಬಹುದಾಗಿತ್ತು. ಹಾಗಿರುವಾಗ ಅವರ ಸಹನೆಗೆ ಬೆಲೆಯೇನು? ವೇಷದ ಯಾತ್ರೆಯಲ್ಲಿ ಮಾಡಿದ ಕರ್ತವ್ಯವೂ ಬರಿಯ ವೇಷವೆ?

ನನಗೆ ಹಾಗೆ ತೋರುವುದಿಲ್ಲ. ನಿಜವಾದ ಆಕಾಶಯಾನಿಗೆ ಹೊರಗೆ ಸಾವೇ ಕಾವಲು, ಅವನು ಒಳಗಿರಲೇಬೇಕು. ಬಾಗಿಲಾಚೆ ಬೀದಿಯಿದೆ, ಬಂಧುಗಳಿದ್ದಾರೆ ಎಂದು ಬಲ್ಲವನಾದರೋ ದಿನ ಬೆಳಗಾದರೆ 'ಇರುತ್ತೇನೆ' ಎಂದು ಮತ್ತೆ ನಿಶ್ಚಯಿಸಬೇಕು. ನಾಟಕದ ಗದೆ ಮರದ್ದಿರಬಹುದು. ಅದನ್ನೆತ್ತಿದವನ ಬೆವರು ನಿಜ. ಆರು ಜನರಿರುವ ಮನೆಯ ಕಸ, ಅಳೆದು ಕೊಟ್ಟ ಊಟ, ಅವವೇ ಮುಖಗಳು, ಇವು ಯಾವುವೂ ಸುಳ್ಳಲ್ಲ.

2011ರ ಫೆಬ್ರವರಿಯಲ್ಲಿ ಮೂವರು 'ಮಂಗಳದ ಮೇಲೆ ಇಳಿದರು'. ಉಳಿದ ಮೂವರ ಪಾಲಿಗೆ ಬಂದದ್ದು 'ಕಕ್ಷೆಯಲ್ಲಿ' ಕಾದಿರುವ ಕೆಲಸ. ಆ ಹಜಾರದ ಮರಳು ಕೂಡ ಅವರ ಕಾಲಿಗೆ ದಕ್ಕಲಿಲ್ಲ. ಲೋಕದ ರೀತಿಯೂ ಹೀಗೆಯೇ ಅಲ್ಲವೆ? ಹೆಜ್ಜೆಯಿಟ್ಟವನಿಗೆ ಹೆಸರು, ಅವನು ಮರಳಿ ಬರಲೆಂದು ಮನೆಯನ್ನು ಮನೆಯಾಗಿ ಉಳಿಸಿದವನನ್ನು ಕೇಳುವವರಿಲ್ಲ.

ಈ ಪ್ರಯೋಗದ ಮನೋವಿಚಾರವನ್ನು ಕುರಿತು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯೋಚಿಸತಕ್ಕ ಎರಡು ಸಂಗತಿಗಳಿವೆ. ಒಂದು, ತಮ್ಮತಮ್ಮೊಳಗಿನ ಮನಸ್ತಾಪಕ್ಕಿಂತ ಹೊರಗಿನ ನಿಯಂತ್ರಣ ಕೇಂದ್ರದೊಡನೆ ಆದ ಮನಸ್ತಾಪವನ್ನು ಅವರು ಐದು ಪಟ್ಟು ಹೆಚ್ಚಾಗಿ ವರದಿಮಾಡಿದರು. ಒಳಗಿನ ಶಾಂತಿಗೆ ಹೊರಗಿನವರು ತೆತ್ತ ಬೆಲೆ ಅದಾಗಿದ್ದರೂ ಇರಬಹುದು. ಇನ್ನೊಂದು, ಅವರು ಹೇಳಿಕೊಂಡ ಮನಸ್ತಾಪಗಳಲ್ಲಿ ನೂರಕ್ಕೆ 85ರಷ್ಟು ಇಬ್ಬರವೇ. ಒತ್ತಡವೂ ದೇಹದ ಬಳಲಿಕೆಯೂ ಎಲ್ಲರಿಗಿಂತ ಹೆಚ್ಚಾಗಿದ್ದವರು ಆ ಇಬ್ಬರೇ.

ಬಳಲಿಕೆಯಿಂದ ಜಗಳವೋ, ಜಗಳದಿಂದ ಬಳಲಿಕೆಯೋ, ಲೆಕ್ಕ ಹೇಳಲಾರದು. ಆದರೆ ಜೊತೆಗಾರನಾದವನು ಅದು ತೀರ್ಮಾನವಾಗಲೆಂದು ಕಾಯುವಂತಿಲ್ಲ. ಸಿಡುಕಿದವನನ್ನು ನಾವು 'ಜಗಳಗಂಟ' ಎಂದು ಕರೆದು ಕೈತೊಳೆದುಕೊಳ್ಳುತ್ತೇವೆ. 'ನಿನ್ನೆ ನಿದ್ದೆ ಬಂತೇನಪ್ಪ?' ಎಂದು ಕೇಳುವವರು ವಿರಳ. ಗಾಳಿ, ನೀರು, ಯಂತ್ರಗಳಂತೆಯೇ ಜೊತೆಗಾರನ ಮನಸ್ಸೂ ದಿನವೂ ವಿಚಾರಿಸಿಕೊಳ್ಳಬೇಕಾದ ವಸ್ತು. ಕೆಟ್ಟ ಮೇಲೆ ದೂರುವುದಕ್ಕಿಂತ ಕೆಡುವ ಮುನ್ನ ನೋಡಿಕೊಳ್ಳುವುದು ಮೇಲು.

ಆರು ಜನ ಮಂಗಳವನ್ನು ಕಾಣಲಿಲ್ಲ, ನಿಜ. ಆದರೆ ಹೊರಟುಹೋಗಬಹುದಾಗಿದ್ದವರು ಕೊನೆಯತನಕ ಒಬ್ಬರನ್ನೊಬ್ಬರು ಬಿಡದೆ ಉಳಿದರು. ನಮ್ಮ ನಿಮ್ಮ ಮನೆಗಳಿಗೂ ಹೊರಗಿನಿಂದ ಯಾರೂ ಬೀಗ ಹಾಕಿಲ್ಲ. ಒಳಗಿರುವ ನಾವು ಪಕ್ಕದವರ ಬಳಲಿಕೆಯನ್ನು ಎಷ್ಟು ವಿಚಾರಿಸಿದ್ದೇವೆ?