ಪೇತ್ರನಿಗೂ ಒಂದೇ ದಿನಕ್ಕೆ ಮುಗಿಯದ ಪಾಠ



ನಮ್ಮ ಸಭೆಯ ವಾಟ್ಸ್ಆ್ಯಪ್ ಗುಂಪುಗಳನ್ನೂ ಆನ್‌ಲೈನ್ ಪ್ರಾರ್ಥನಾಕೂಟಗಳನ್ನೂ ನಡೆಸುವ ಸ್ವಯಂಸೇವಕರಿಗೆ ಬರುವ ಶನಿವಾರ ತರಬೇತಿ ಇದೆ. ಭಾಷೆ, ಜಾತಿ, ಲಿಂಗ, ಅಂಗವೈಕಲ್ಯ, ಊರು ಎಂದು ಬೇರೆ ಬೇರೆಯಾದವರನ್ನು ಒಟ್ಟಿಗೆ ಕರೆದುಕೊಂಡು ಹೋಗುವುದು ಹೇಗೆ ಎಂಬುದೇ ಅಲ್ಲಿ ಕಲಿಯುವ ವಿಷಯ. “ಮನಸ್ಸಿನಲ್ಲಿ ಪ್ರೀತಿ ಇದ್ದರೆ ಸಾಲದೇ, ಇದಕ್ಕೂ ತರಬೇತಿ ಬೇಕೇ?” ಎಂದು ಕೆಲವು ಹಿರಿಯರು ಕೇಳಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯವನ್ನು ತೆರೆಯೋಣ.

ಯೆರೂಸಲೇಮಿನ ಮೊದಲ ಸಭೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಹೊಲಮನೆ ಮಾರಿ ಹಂಚಿಕೊಂಡು ಬದುಕಿದವರು ಅವರು. ಆದರೂ ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರ ಪಾಲು ತಪ್ಪಿಹೋಗುತ್ತಿತ್ತು. ಯಾರೋ ಬೇಕೆಂದೇ ಮಾಡಿದರೆಂದು ಅಲ್ಲಿ ಬರೆದಿಲ್ಲ. ಹಂಚುವವರಿಗೆ ತಮ್ಮ ಮಾತಿನವರ ಮನೆಗಳಷ್ಟೇ ಗೊತ್ತಿದ್ದಿರಬೇಕು ಎಂದು ನನಗೆ ತೋರುತ್ತದೆ. ದೂರು ಬಂದಾಗ ಅಪೊಸ್ತಲರು ದೂರಿದವರ ಬಾಯಿ ಮುಚ್ಚಿಸಲಿಲ್ಲ. ಏಳು ಮಂದಿಯನ್ನು ಆರಿಸಿರೆಂದು ಸಭೆಗೇ ಹೇಳಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಕೊನೆಯವನಂತೂ ಹುಟ್ಟಿನಿಂದ ಯೆಹೂದ್ಯನೇ ಅಲ್ಲ. ಯಾರ ಪಾಲು ತಪ್ಪಿತ್ತೋ ಅವರ ಭಾಷೆ ಬಲ್ಲವರ ಕೈಗೇ ಹಂಚಿಕೆಯ ಹೊಣೆ ಹೋಯಿತು.

ಇನ್ನು ಪೇತ್ರ. ಯೊಪ್ಪದ ಮಾಳಿಗೆಯ ಮೇಲೆ ಅವನಿಗೆ ಒಂದೇ ದರ್ಶನ ಮೂರು ಸಲ ಆಯಿತು. ಕೈಸರೈಯದಲ್ಲಿ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯೊಳಗೆ ಹೋದ. ದೇವರು ಮುಖನೋಡಿ ಮಣೆ ಹಾಕುವವನಲ್ಲ ಎಂಬುದನ್ನು ಕಣ್ಣಾರೆ ಕಂಡ. ಇಷ್ಟಾದ ಪೇತ್ರನೇ ಅಂತಿಯೋಕ್ಯದಲ್ಲಿ, ಯೆರೂಸಲೇಮ್ ಸಭೆಯ ಯಾಕೋಬನ ಕಡೆಯವರು ಬಂದೊಡನೆ, ಅನ್ಯಜನರ ಪಂಕ್ತಿಯಿಂದ ಮೆಲ್ಲಗೆ ಸರಿದುಬಿಟ್ಟ. ಪಾಠ ಮರೆತಿದ್ದನೇ? ಇಲ್ಲ. ತನ್ನವರಿಗೆ ಹೆದರಿದ. ಪೌಲ ಅವನನ್ನು ಎಲ್ಲರೆದುರು ತಿದ್ದಬೇಕಾಯಿತು.

ಈ ಹೆದರಿಕೆ ನಮ್ಮ ಗುಂಪುಗಳಲ್ಲೂ ಇದೆ. ದೀಕ್ಷಾಸ್ನಾನವಾದ ಮೇಲೆ ಜಾತಿ ಉಳಿಯುವುದಿಲ್ಲ ಎನ್ನುತ್ತೇವೆ. ಮದುವೆಯ ಮಾತು ಬಂದಾಗ “ಅವರ ಮೂಲ ಯಾವುದು?” ಎಂದು ಅದೇ ಬಾಯಿ ಕೇಳುತ್ತದೆ. ಒಬ್ಬ ಹಿರಿಯರು ಇನ್ನೊಬ್ಬರ ಮೂಲವನ್ನು ಹಂಗಿಸುವ ಜೋಕನ್ನು ಫಾರ್ವರ್ಡ್ ಮಾಡಿದರೆ, ಅದನ್ನು ಅಳಿಸುವ ಅಧಿಕಾರ ಅಡ್ಮಿನ್ ಆದ ಹುಡುಗಿಗೆ ಇದೆ. ಆದರೆ ಅವರು ಅವಳ ದೊಡ್ಡಪ್ಪ. ಅವಳು ಸುಮ್ಮನಾಗುತ್ತಾಳೆ. ಆ ಜೋಕು ಯಾರಿಗೆ ಚುಚ್ಚಿತೋ ಆ ಮನೆಯವರು ಮರುದಿನ ಗುಂಪು ಬಿಟ್ಟು ಹೋಗುತ್ತಾರೆ. ಅವಳಲ್ಲಿ ಪ್ರೀತಿ ಇಲ್ಲವೆಂದಲ್ಲ. ದೊಡ್ಡಪ್ಪನಿಗೆ ಗೌರವ ಕೆಡದಂತೆ ಏನು ಹೇಳಬೇಕು, ಮೊದಲು ಯಾರೊಡನೆ ಮಾತಾಡಬೇಕು, ನೊಂದವರಿಗೆ ಯಾವಾಗ ಫೋನ್ ಮಾಡಬೇಕು ಎಂಬುದನ್ನು ನಾವು ಯಾರೂ ಅವಳಿಗೆ ಕಲಿಸಿಲ್ಲ. ಅವಳ ಬೆನ್ನಿಗೆ ನಿಲ್ಲುತ್ತೇವೆಂದು ಮಾತೂ ಕೊಟ್ಟಿಲ್ಲ. ಶನಿವಾರ ಅವಳು ಕಲಿಯುವುದು ಇದನ್ನೇ.

ಮಿಕ್ಕವು ಕಣ್ಣಿಗೆ ಕಾಣದೆ ಜಾರಿಹೋಗುವ ಸಂಗತಿಗಳು. ಪ್ರಾರ್ಥನೆಯ ವಿಷಯವನ್ನು ಚಿತ್ರವಾಗಿ ಹಾಕುತ್ತೇವೆ. ದೃಷ್ಟಿ ಇಲ್ಲದವರ ಫೋನು ಅಕ್ಷರವನ್ನು ಓದಿ ಹೇಳೀತು, ಚಿತ್ರದೊಳಗಿನ ಬರಹದಲ್ಲಿ ತಡವರಿಸುತ್ತದೆ. ಧ್ವನಿಸಂದೇಶ ಕಳಿಸಿದರೆ ಕಿವಿ ಕೇಳದವರು ಹೊರಗುಳಿಯುತ್ತಾರೆ. ನಮ್ಮವರಲ್ಲಿ ಕೆಲವರು ಇರುವ ಕುವೈತ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ, ಭಾನುವಾರ ಕೆಲಸದ ದಿನ. ನಮ್ಮ ಭಾನುವಾರದ ಕೂಟಕ್ಕೆ ಬರಲಾಗದವರನ್ನು ಭಕ್ತಿ ಕಡಿಮೆಯಾದವರೆಂದು ಎಣಿಸಿದ್ದೂ ಉಂಟು. ತುಳುವಿನಲ್ಲಿ ಪ್ರಾರ್ಥಿಸುವ ಅಜ್ಜಿಗೆ “ಕನ್ನಡದಲ್ಲಿ ಹೇಳಿ” ಎನ್ನುವವರಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕನ್ನಡವೊಂದೇ ಸಾಕೆಂದು ಕೂರಲಿಲ್ಲ. 1847ರ ಹೊತ್ತಿಗೆ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಗಿತ್ತು. ಆ ಅಜ್ಜಿಯ ಪ್ರಾರ್ಥನೆಗೆ ನಮ್ಮ ಅಪ್ಪಣೆ ಬೇಕಿಲ್ಲ.

ತರಬೇತಿಯನ್ನು ಶನಿವಾರಕ್ಕೆ ಇಟ್ಟದ್ದು ಕುವೈತಿನವರೂ ಸೇರಲೆಂದು. ಅಡ್ಮಿನ್‌ಗಳು ಮಾತ್ರವಲ್ಲ, ಸಭಾಹಿರಿಯರೂ ಬರಬೇಕೆಂದು ಕೇಳಿಕೊಳ್ಳುತ್ತೇನೆ, ನಾನೂ ಕೂರುತ್ತೇನೆ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ನಿಮ್ಮ ಗುಂಪನ್ನು ಇತ್ತೀಚೆಗೆ ಬಿಟ್ಟುಹೋದವರು ಯಾರೆಂದು ನೋಡಿ, ಅವರ ಮನೆಗೆ ಹೋಗಿ ಕಾರಣ ಕೇಳಿ. ವಾದಿಸಬೇಡಿ. ಮುಂದಿನ ತಿಂಗಳು ಹೊಸ ಅಡ್ಮಿನ್‌ಗಳನ್ನು ಆರಿಸುವಾಗ ಮೊದಲ ಹೆಸರುಗಳು ಆ ಮನೆಗಳಿಂದ ಬರಲಿ.