ಗೊತ್ತಿದ್ದೂ ಬಳಿದ ಹಳದಿ

ದಿನಪತ್ರಿಕೆಯ ಒಳಪುಟದಲ್ಲಿ, ಟೆಂಡರು ಪ್ರಕಟಣೆಗೂ ಶ್ರದ್ಧಾಂಜಲಿಗೂ ನಡುವೆ, ಆಗಾಗ ಒಂದು ಜಾಹೀರಾತು ಬರುತ್ತದೆ. ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಇಷ್ಟು ಎಕರೆ ಇಷ್ಟು ಗುಂಟೆ ಜಮೀನನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸಲು ಉದ್ದೇಶಿಸಲಾಗಿದೆ, ಆಕ್ಷೇಪಣೆ ಇದ್ದವರು 15 ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಕನ್ನಡಕ ಇಟ್ಟುಕೊಂಡು ಓದಬೇಕಾದ ಅಕ್ಷರ. ಇದನ್ನು ಹುಡುಕಿ ಓದುವವರು ಇಬ್ಬರೇ: ಜಮೀನಿನ ಮಾಲೀಕ ಮತ್ತು ಪಕ್ಕದ ಜಮೀನಿನ ಮಾಲೀಕ.

ಈ ಜಾಹೀರಾತಿನ ಮೂಲ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಮಾಸ್ಟರ್ ಪ್ಲ್ಯಾನ್ ಜಾರಿಗೆ ಬಂದ ಮೇಲೆ ಭೂಬಳಕೆ ಬದಲಿಸಬೇಕಾದರೆ ಅದರ 14-ಎ ಕಲಮು ಷರತ್ತು ಹಾಕುತ್ತದೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಕಾಯ್ದೆಯ ಉಳಿದ ಮಾತುಗಳಿಗೆ ವಿರುದ್ಧ ಇರಬಾರದು, ಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಜನರ ಆಕ್ಷೇಪಣೆ ಕೇಳಬೇಕು. ಓದಲು ಚೆಂದ. ಆದರೆ ನಮ್ಮ ಕಡೆ ಪ್ಲಾಟು ಕೊಳ್ಳಲು ಹೋದವರು ಕೇಳುವ ಪ್ರಶ್ನೆಯೇ ಬೇರೆ. "ಯೆಲ್ಲೋದಾಗ ಬಂದೈತೇನ್ರಿ? ಎನ್.ಎ. ಆಗೈತೇನ್ರಿ?" ಎನ್.ಎ. ಎಂದರೆ ಕೃಷಿಯೇತರ. ನಕ್ಷೆಯಲ್ಲಿ ಹಳದಿ ಎಂದರೆ ವಸತಿ, ಹಸಿರು ಎಂದರೆ ಹೊಲ. ಹಸಿರು ಹಳದಿಯಾಯಿತು ಎಂದರೆ ಎಕರೆ ಲೆಕ್ಕದಲ್ಲಿದ್ದ ದರ ಚದರಡಿ ಲೆಕ್ಕಕ್ಕೆ ಜಿಗಿಯಿತು. ಆ ಜಾಗದಲ್ಲಿ ಆಗಸ್ಟ್ ತಿಂಗಳಲ್ಲಿ ಏನಾಗುತ್ತದೆ ಎಂದು ಜಾಹೀರಾತೂ ಹೇಳುವುದಿಲ್ಲ, ಕೊಳ್ಳುವವನೂ ಕೇಳುವುದಿಲ್ಲ.

ಗೋಕಾಕದಲ್ಲಂತೂ ಆಗಸ್ಟಿನ ಈ ಪ್ರಶ್ನೆಯನ್ನು ಮೊದಲು ಕೇಳಬೇಕು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ 51 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಅದರ ಗೇಟುಗಳು ಘಟಪ್ರಭೆಯನ್ನು ಮಾತ್ರ ತಡೆಯಬಲ್ಲವು. ಮಹಾರಾಷ್ಟ್ರದಿಂದ ಸಂಕೇಶ್ವರದ ಮೇಲೆ ಹಾದು ಬರುವ ಹಿರಣ್ಯಕೇಶಿ, ಅಣೆಕಟ್ಟಿನ ಕೆಳಗೆ ಸುಲ್ತಾನಪುರದ ಹತ್ತಿರ ಬಂದು ಘಟಪ್ರಭೆಯನ್ನು ಕೂಡುತ್ತದೆ. ಇನ್ನೂ ಕೆಳಗೆ, ಗೋಕಾಕದ ಬಳಿ, ಬೆಳಗಾವಿ ಕಡೆಯ ಮಾರ್ಕಂಡೇಯ ಸೇರುತ್ತದೆ. ಘಟ್ಟದಲ್ಲಿ ಒಂದೇ ವಾರ ಮೂರಕ್ಕೂ ಮಳೆ ಹಿಡಿದರೆ ಲೋಳಸೂರ ಸೇತುವೆ ಮುಳುಗುತ್ತದೆ, ಊರಿನ ಗಲ್ಲಿಗಳಲ್ಲಿ ನೀರು ನಿಲ್ಲುತ್ತದೆ, ಮೂಡಲಗಿ ತಾಲೂಕಿನ ಸುಣಧೋಳಿ, ಅವರಾದಿಯ ಸೇತುವೆಗಳು ಕಾಣದಂತಾಗುತ್ತವೆ. 2019ರ ಆಗಸ್ಟ್‌ನಲ್ಲಿ ಆದದ್ದು ಇದೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ಊರ ಮೇಲಿನ ಗುಡ್ಡದ ಬಂಡೆಗಳು ಜಾರಿ ಮನೆಗಳ ಮೇಲೆ ಬೀಳುವ ಭಯ ಹುಟ್ಟಿ ಎನ್.ಡಿ.ಆರ್.ಎಫ್. ಬರಬೇಕಾಯಿತು. 2021ರ ಜುಲೈನಲ್ಲಿ ಮತ್ತೆ ನೀರು. 2024ರ ಜುಲೈನಲ್ಲಿ ಮತ್ತೆ.

2019ನ್ನು 'ಕಂಡರಿಯದ ನೆರೆ' ಎಂದು ಕರೆದೆವು. ಇರಲಿ. ಕಂಡರಿಯದ್ದಕ್ಕೆ ಯಾರನ್ನೂ ಹೊಣೆ ಮಾಡುವುದು ಕಷ್ಟ. ಆದರೆ ಕಂಡಾದ ಮೇಲೆ? ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಗೋಡೆಯ ಕಲೆ ಸಾಕ್ಷಿ, ಮೊಬೈಲಿನ ವಿಡಿಯೊ ಸಾಕ್ಷಿ, ತಹಶೀಲ್ದಾರ ಕಚೇರಿಯ ಪರಿಹಾರದ ಪಟ್ಟಿಯೇ ಸಾಕ್ಷಿ. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ ರೂಪಾಯಿ ಎಂದು ಸರ್ಕಾರವೇ ಬರೆದಿಟ್ಟುಕೊಂಡಿದೆ. ಆ ಪಟ್ಟಿ ಒಂದು ಕಪಾಟಿನಲ್ಲಿ, ಮಾಸ್ಟರ್ ಪ್ಲ್ಯಾನಿನ ನಕ್ಷೆ ಇನ್ನೊಂದು ಕಪಾಟಿನಲ್ಲಿ. ಎರಡನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡಲು ದೊಡ್ಡ ವಿಜ್ಞಾನವೇನೂ ಬೇಕಿಲ್ಲ. ಇಷ್ಟಾದರೂ ಹೊಳೆದಂಡೆಯ ಹಸಿರಿಗೆ ಹಳದಿ ಬಳಿದರೆ, ಅದು ತಿಳಿದು ಮಾಡಿದ ಕೆಲಸ.

1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯೂ.ಕೆ. ಕ್ಲಿಫರ್ಡ್ ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಅದರಲ್ಲಿ ಒಬ್ಬ ಹಡಗಿನ ಒಡೆಯ ಬರುತ್ತಾನೆ. ಹಡಗು ಹಳೆಯದು, ರಿಪೇರಿಗೆ ಬಂದಿದೆ ಎಂಬ ಅನುಮಾನ ಅವನಿಗೂ ಇತ್ತು. ಇಷ್ಟು ಸಲ ಹೋಗಿ ಬಂದಿದೆ, ಈ ಸಲವೂ ಬರುತ್ತದೆ, ದೇವರು ಕಾಯುತ್ತಾನೆ ಎಂದುಕೊಂಡು ಅನುಮಾನವನ್ನು ತಾನೇ ತಟ್ಟಿ ಮಲಗಿಸಿದ. ವಲಸೆ ಹೊರಟ ಕುಟುಂಬಗಳನ್ನು ಹತ್ತಿಸಿಕೊಂಡು ಹೋದ ಹಡಗು ನಡುಸಮುದ್ರದಲ್ಲಿ ಮುಳುಗಿತು. ಒಡೆಯ ವಿಮೆಯ ಹಣ ಎಣಿಸಿಕೊಂಡ. ಅವನು ಸುಳ್ಳು ಹೇಳಲಿಲ್ಲ, ಹಡಗು ಗಟ್ಟಿ ಎಂದು ಮನಸಾರೆ ನಂಬಿದ್ದ. ಆದರೆ ಹಾಗೆ ನಂಬುವ ಹಕ್ಕೇ ಅವನಿಗಿರಲಿಲ್ಲ, ಕೈಯಲ್ಲಿದ್ದ ಸಾಕ್ಷ್ಯ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಅಷ್ಟಕ್ಕೇ ಬಿಡುವುದಿಲ್ಲ: ಹಡಗು ಸುಖವಾಗಿ ದಡ ಸೇರಿದ್ದರೂ ಒಡೆಯನ ತಪ್ಪು ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಈ ಕೊನೆಯ ಮಾತು ನಮಗೆ ನುಂಗಲು ಕಷ್ಟ. 'ಏನೂ ಆಗಿಲ್ಲವಲ್ಲ' ಎನ್ನುವುದು ನಮ್ಮ ದೊಡ್ಡ ಸಮರ್ಥನೆ. ಲೇಔಟಿನಲ್ಲಿ ಮೂರು ಮಳೆಗಾಲ ನೀರು ಬರಲಿಲ್ಲ ಎಂದರೆ ಸಹಿ ಹಾಕಿದವರು ಗೆದ್ದಂತೆ, ಆಕ್ಷೇಪಣೆ ಎತ್ತಿದವನು ಊರು ಬೆಳೆಯುವುದು ಬೇಡವಾದವನಂತೆ. ಮಳೆ ಬರಲಿಲ್ಲ ಎಂಬುದು ಸಹಿ ಹಾಕಿದವನ ವಿವೇಕಕ್ಕೆ ಪುರಾವೆಯಾಗುವುದು ಹೇಗೆ?

ನಾವು ಕುರುಡಾಗಿ ಮನೆ ಕಟ್ಟುತ್ತೇವೆ ಎಂದಲ್ಲ, ಎಲ್ಲವನ್ನೂ ವಿಚಾರಿಸಿಯೇ ಕಟ್ಟುತ್ತೇವೆ. ಬಾಗಿಲು ಯಾವ ದಿಕ್ಕಿಗೆ, ಅಡುಗೆಮನೆ ಯಾವ ಮೂಲೆಗೆ, ಬೋರು ಈಶಾನ್ಯದಲ್ಲಿ ಇದೆಯೋ ಇಲ್ಲವೋ. ದಕ್ಷಿಣಕ್ಕೆ ಮುಖ ಮಾಡಿದ ಪ್ಲಾಟು ಅಗ್ಗ, ರುದ್ರಭೂಮಿಯ ಪಕ್ಕದ್ದು ಇನ್ನೂ ಅಗ್ಗ. ಸ್ಮಶಾನದ ಈ ಭಯ ಬಿಡಿಸಲೆಂದು ಯಮಕನಮರಡಿಯ ಶಾಸಕ ಸತೀಶ ಜಾರಕಿಹೊಳಿಯವರು 2014ರಿಂದ ಡಿಸೆಂಬರ್ 6ರಂದು ಬೆಳಗಾವಿಯ ಸ್ಮಶಾನದಲ್ಲಿ ರಾತ್ರಿ ಕಳೆಯುವ ಕಾರ್ಯಕ್ರಮ ನಡೆಸಿಕೊಂಡು ಬಂದಿದ್ದಾರೆ. ಅದನ್ನು ಮೆಚ್ಚಿದವರಿದ್ದಾರೆ, ನಕ್ಕವರೂ ಇದ್ದಾರೆ. ಆ ರಾತ್ರಿ ಯಾರಿಗೂ ಏನೂ ಆಗಿಲ್ಲ ಎಂಬುದಂತೂ ಸತ್ಯ. ಆದರೂ ಸ್ಮಶಾನದ ಪಕ್ಕದ ಎತ್ತರದ ಜಾಗ ಬೇಡ, ಹಳ್ಳದ ಪಕ್ಕದ ಪೂರ್ವಮುಖಿ ಪ್ಲಾಟು ಬೇಕು. ಸತ್ತವರು ಬರುವುದಿಲ್ಲ, ಹಳ್ಳ ಬರುತ್ತದೆ. ಭಯಪಡುವುದರಲ್ಲೂ ಒಂದು ವಿವೇಕ ಬೇಕು. ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯೂ ವಾಸ್ತು ಸಲಹೆಯನ್ನು ಹೊರಗಿಟ್ಟೇ ಹೊರಟಿತು ಎಂಬುದು ಗಮನಿಸತಕ್ಕ ವಿಷಯ.

ಇಲ್ಲಿ ಒಂದು ಎದುರುಮಾತು ಬರುತ್ತದೆ, ಅದು ಗಟ್ಟಿಯಾದ ಮಾತು. ಜನಕ್ಕೆ ಮನೆ ಬೇಡವೇ? ಗೋಕಾಕ ಜಿಲ್ಲೆಯಾಗಬೇಕೆಂಬ ಕೂಗು ದಶಕಗಳದ್ದು. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲೂಕಾಯಿತು. ಕಚೇರಿ, ಕಾಲೇಜು, ಬ್ಯಾಂಕು ಬಂದಲ್ಲಿ ಬಾಡಿಗೆ ಏರುತ್ತದೆ. ಕಬ್ಬಿನ ಫ್ಯಾಕ್ಟರಿಯಲ್ಲಿ ದುಡಿಯುವವನಿಗೆ, ಪೇಟೆಯ ಅಂಗಡಿಯಲ್ಲಿ ತೂಕ ಹಾಕುವವನಿಗೆ ಅನುಮೋದಿತ ಲೇಔಟಿನ 30-40 ಸೈಟು ಎಟಕುವುದಿಲ್ಲ. ಅವನು ಯಾರದೋ ಹೊಲದಲ್ಲಿ ಒಂದು ಗುಂಟೆ, ಅಂದರೆ 1,089 ಚದರಡಿ, ಬಾಂಡ್ ಪೇಪರಿನ ಮೇಲೆ ಬರೆಸಿಕೊಳ್ಳುತ್ತಾನೆ. ಗಟಾರವಿಲ್ಲ, ರಸ್ತೆ ಅಗಲವಿಲ್ಲ, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿಲ್ಲ. ನಿಯಮ ಬಿಗಿ ಮಾಡಿದಷ್ಟೂ ಅವನಂಥವರು ಇನ್ನಷ್ಟು ತಗ್ಗಿಗೆ, ಇನ್ನಷ್ಟು ಅನಧಿಕೃತಕ್ಕೆ ಸರಿಯುತ್ತಾರೆ. ಸರ್ಕಾರಕ್ಕೂ ಇದು ಗೊತ್ತು. ಅದಕ್ಕೇ ಅಕ್ರಮ-ಸಕ್ರಮ ತಂದಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. 2025ರಲ್ಲಿ ನಗರ ಸಂಸ್ಥೆಗಳಲ್ಲಿ ಅನಧಿಕೃತ ಸೈಟುಗಳಿಗೂ ಖಾತೆ ಕೊಡುವ ಬಿ-ಖಾತಾ ಆಂದೋಲನ ಬಂತು. ಮೊದಲು ತಪ್ಪು ಮಾಡಗೊಡುವುದು, ಆಮೇಲೆ ಅದಕ್ಕೆ ತೆರಿಗೆ ಹಾಕುವುದು.

ಈ ಮಾತನ್ನು ಒಪ್ಪಿಯೇ ಹೇಳಬೇಕು: ಹಳದಿ ಕಡಿಮೆಯಾಗಬಾರದು, ಹೆಚ್ಚಬೇಕು, ಆದರೆ ಜಾಗ ಬದಲಾಗಬೇಕು. ಹುಕ್ಕೇರಿ, ಗೋಕಾಕ ಎರಡೂ ತಾಲೂಕಿನಲ್ಲಿ ಮಡ್ಡಿ ಭೂಮಿಗೆ ಬರವಿಲ್ಲ. ಅಲ್ಲಿ ಬೆಳೆ ಬರುವುದು ಕಷ್ಟ, ಅಡಿಪಾಯ ಬೇಗ ಸಿಗುತ್ತದೆ. ಮೊದಲು ಪ್ಲಾಟಾಗುವುದು ಮಾತ್ರ ಕಾಲುವೆಯ ನೀರುಣ್ಣುವ ರಸ್ತೆ ಬದಿಯ ಎರಿ ಹೊಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಕರಿಮಣ್ಣಿನ ಮೇಲೆ ಗೋಡೆ ಸೀಳದಂತೆ ಕಟ್ಟಲು ಬಡವ ಇನ್ನಷ್ಟು ಸಾಲ ಮಾಡಬೇಕು. ಕಾಲುವೆಯ ಈ ನೀರಾದರೂ ಪುಕ್ಕಟೆ ಬಂದದ್ದಲ್ಲ. ಹಿಡಕಲ್ ಜಲಾಶಯಕ್ಕೆ ಊರೂರೇ ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವಸ್ಥಾನ ಈಗಲೂ ಮೇಲೆದ್ದು ಕಾಣುತ್ತದೆ. ಹೊಲಕ್ಕೆ ನೀರು ಬೇಕು ಎಂದು ಆ ಜನರನ್ನು ಎಬ್ಬಿಸಿದೆವು. ಈಗ ಆ ಹೊಲಕ್ಕೇ ಕಲ್ಲು ನೆಟ್ಟು ಸುಣ್ಣ ಹಚ್ಚುತ್ತಿದ್ದೇವೆ. ಮಡ್ಡಿಗೆ ರಸ್ತೆ, ನೀರು, ಬಸ್ಸು ಒಯ್ಯುವುದು ನಗರಸಭೆಗೆ ಖರ್ಚಿನ ಕೆಲಸ. ಎರಿ ಹೊಲದ ಪಕ್ಕ ಮೊದಲೇ ರಸ್ತೆ ಇದೆ. ಹೀಗೆ ಸರ್ಕಾರ ಉಳಿಸಿದ ಖರ್ಚನ್ನು ಪ್ಲಾಟು ಕೊಂಡವನು ಜೀವಮಾನವಿಡೀ ಕಂತಿನಲ್ಲಿ ತುಂಬುತ್ತಾನೆ.

ಯಾರು ಎಲ್ಲಿ ಇರಬೇಕು ಎಂದು ಗೆರೆ ಎಳೆಯುವ ಕೆಲಸ 1961ರ ಕಾಯ್ದೆಯಿಂದ ಶುರುವಾದದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಕೇರಿಗಳಿದ್ದವು, ಇವೆ. ಊರ ಹೊರಗೆ, ತಗ್ಗಿನಲ್ಲಿ, ಗಾಳಿ ಬೀಸುವ ದಿಕ್ಕು ನೋಡಿ ಯಾರನ್ನು ಇಟ್ಟಿದ್ದೆವು ಎಂದು ಎಲ್ಲರಿಗೂ ಗೊತ್ತು. ಅಮೆರಿಕದ ಬಾಲ್ಟಿಮೋರ್ ನಗರ 1910ರಲ್ಲಿ ಕರಿಯರ ಬೀದಿ, ಬಿಳಿಯರ ಬೀದಿ ಎಂದು ಕಾನೂನನ್ನೇ ಮಾಡಿತು. ಅಂಥ ಕಾನೂನುಗಳನ್ನು 1917ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೊಡೆದುಹಾಕಿತು. ನಮ್ಮದು ಬರೆದಿಟ್ಟ ಕಾನೂನಲ್ಲ, ಆದ್ದರಿಂದ ಹೊಡೆದುಹಾಕಲು ಕೋರ್ಟಿಗೆ ಏನೂ ಸಿಗುವುದಿಲ್ಲ. ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ ಕೇಳಿದರೆ ಮೊದಲ ಪ್ರಶ್ನೆ ಇಂದಿಗೂ "ಯಾ ಮಂದಿ ನೀವು?" ಎಂದೇ. ಬಡವರಿಗೆಂದು ಸರ್ಕಾರ ಮಾಡುವ ಆಶ್ರಯ ಕಾಲೊನಿಗಳನ್ನು ನೋಡಿ. ಊರಿಗೆ ಬೇಡವಾದ ಜಾಗವೇ ಅವರ ಪಾಲಿಗೆ. ಬಣ್ಣ ಹೊಸದು, ಗೆರೆ ಹಳೆಯದು.

ಹಾಗಾದರೆ ಸಾರ್ವಜನಿಕ ಹಿತ ಎಂದರೆ ಯಾರ ಹಿತ? ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಮುಖ್ಯಮಂತ್ರಿಯ ಸೂಚನೆಯ ಮೇಲೆ ಒಂದು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ನೆರೆಹೊರೆಯವರು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರಿಗಾಗಿಯೇ ತಾನೆ ಎಂದು ಎದುರು ಕಡೆಯ ವಾದ. 1991ರಲ್ಲಿ, ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಬಡಾವಣೆಯಲ್ಲಿ ವಾಸಿಸುವವರಿಗೆ ಪ್ರಶ್ನೆ ಕೇಳುವ ಹಕ್ಕಿದೆ ಎಂದೂ ಹೇಳಿತು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ತೀರ್ಪಿನ ಫಲಕ್ಕಿಂತ ಅದರ ರೀತಿ. ಅಧಿಕಾರದಲ್ಲಿರುವವರು 'ಇದು ಜನಹಿತ' ಎಂದುಬಿಟ್ಟರೆ ಸಾಲದು, ಹೇಗೆ ಎಂದು ತೋರಿಸಬೇಕು, ತೋರಿಸಲು ಕಾರಣ ಬೇಕು, ಆ ಕಾರಣ ಬೇರೆಯವರು ಪರೀಕ್ಷಿಸುವಂತಿರಬೇಕು. ವೈಚಾರಿಕತೆ ಎಂದು ನಾವು ವೇದಿಕೆಯ ಮೇಲೆ ಕರೆಯುವುದು ಫೈಲಿನೊಳಗೆ ಇಳಿದಾಗ ಹೀಗೆಯೇ ಇರುತ್ತದೆ.

ನಿರ್ಧರಿಸುವವರು ಯಾರು ಎಂಬುದೂ ಇಲ್ಲಿ ಮುಖ್ಯ. 74ನೇ ತಿದ್ದುಪಡಿಯ ನಂತರ ಸಂವಿಧಾನದ 12ನೇ ಅನುಸೂಚಿ ನಗರ ಯೋಜನೆಯನ್ನೂ ಭೂಬಳಕೆಯ ನಿಯಂತ್ರಣವನ್ನೂ ಊರಿನವರು ಆರಿಸಿದ ಪುರಸಭೆ-ನಗರಸಭೆಗಳ ಕೆಲಸ ಎಂದು ಎಣಿಸಿದೆ. ನಮ್ಮಲ್ಲಿ ಆ ಕೆಲಸ ಇರುವುದು ಯೋಜನಾ ಪ್ರಾಧಿಕಾರದ ಬಳಿ, ಅದರ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ. ಸರ್ಕಾರ ಬದಲಾದಾಗ ಅಧ್ಯಕ್ಷರು ಬದಲಾಗುತ್ತಾರೆ. ವಾರ್ಡಿನಲ್ಲಿ ನೀರು ಹೊಕ್ಕಾಗ ಬೈಸಿಕೊಳ್ಳುವವರು ಮಾತ್ರ ವಾರ್ಡಿನ ಸದಸ್ಯರು.

ಹೊಳೆಯ ಬಯಲಿನಲ್ಲಿ ಎಲ್ಲಿ ಏನು ಕಟ್ಟಬಹುದು ಎಂದು ಹೇಳುವ ಮಾದರಿ ಮಸೂದೆಯೊಂದನ್ನು ಕೇಂದ್ರ ಸರ್ಕಾರ 1975ರಲ್ಲೇ ಎಲ್ಲ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು ಅದನ್ನು ಕಾಯ್ದೆ ಮಾಡಿಕೊಂಡವು. ಕರ್ನಾಟಕ ಮಾಡಿಲ್ಲ. ಆದರೆ ಕಾಯ್ದೆ ಬರಲಿ ಎಂದು ಕಾಯಬೇಕಾಗಿಯೂ ಇಲ್ಲ. 14-ಎ ಅಡಿಯ ಜಾಹೀರಾತಿನಲ್ಲಿ ಸರ್ವೆ ನಂಬರಿನ ಜೊತೆಗೆ ಒಂದೇ ಸಾಲು ಸೇರಿಸಬಹುದು: 2019ರ ಆಗಸ್ಟ್‌ನಲ್ಲಿ ಈ ಜಮೀನಿನಲ್ಲಿ ಎಷ್ಟು ಅಡಿ ನೀರಿತ್ತು. ಆದೇಶ ಹೊರಡಿಸುವಾಗ ಬಂದ ಆಕ್ಷೇಪಣೆಗಳಿಗೆ ಒಂದೊಂದಾಗಿ ಉತ್ತರ ಬರೆದು ನಗರಸಭೆಯ ಗೋಡೆಗೆ ಹಚ್ಚಬಹುದು. ಇದಕ್ಕೆ ಹಣ ಬೇಕಿಲ್ಲ, ಕ್ಯಾಬಿನೆಟ್ಟು ಬೇಕಿಲ್ಲ. ಆ ಒಂದು ಸಾಲು ಬರೆಯಬೇಕಾದವನ ಕೈ ಸಹಿಗೆ ಮುನ್ನ ಒಂದು ಗಳಿಗೆ ತಡೆದರೆ ಅಷ್ಟೇ ಲಾಭ.

ಇನ್ನೊಂದು ಪ್ರಶ್ನೆ ಬಗೆಹರಿಯದೆ ಉಳಿದಿದೆ. ನೆರೆ ಬಂದ ಗಲ್ಲಿಗಳಲ್ಲಿ ಈಗಾಗಲೇ ಇರುವವರು ಏನು ಮಾಡಬೇಕು? ದೂರದಲ್ಲಿ ಜಾಗ ಕೊಟ್ಟರೂ ಹಲವರು ಹೋಗುವುದಿಲ್ಲ. ಅಂಗಡಿ ಇಲ್ಲಿ, ಮಕ್ಕಳ ಶಾಲೆ ಇಲ್ಲಿ, ಕೂಲಿ ಸಿಗುವುದು ಇಲ್ಲಿ. ಅದನ್ನು ಮೊಂಡುತನ ಎನ್ನಲಾರೆ, ಅದೂ ಲೆಕ್ಕ ಹಾಕಿ ಮಾಡಿದ ತೀರ್ಮಾನವೇ. ಆ ಗಲ್ಲಿಗಳಲ್ಲಿ ಬಾಡಿಗೆಗೆ ಇರುವವರೂ ಇದ್ದಾರೆ. ಗೋಡೆ ಬಿದ್ದ ಪರಿಹಾರ ಮನೆ ಯಾರ ಹೆಸರಿನಲ್ಲಿದೆಯೋ ಅವರಿಗೆ. ತೊಯ್ದ ಜೋಳ, ಹಾಸಿಗೆ, ಪಾತ್ರೆಗಳಿಗೆಂದು ಕುಟುಂಬಕ್ಕೆ ಸಿಕ್ಕದ್ದು ತಕ್ಷಣದ 10,000 ರೂಪಾಯಿ. ಸರ್ವೆ ನಂಬರು ಎಂಬುದೇ ಇಲ್ಲದ ಈ ಜನ ಪತ್ರಿಕೆಯ ಆ ಜಾಹೀರಾತು ತಮಗಲ್ಲ ಎಂದುಕೊಂಡಿದ್ದಾರೆ, ಕಚೇರಿಯವರೂ ಹಾಗೆಯೇ ತಿಳಿದಿದ್ದಾರೆ. ಆದರೆ ಕಾಯ್ದೆ ಆಕ್ಷೇಪಣೆ ಕೇಳಿರುವುದು ಸಾರ್ವಜನಿಕರಿಂದ. ಅರ್ಜಿಗೆ ಉತಾರ ಲಗತ್ತಿಸಬೇಕೆಂದು ಅದು ಹೇಳಿಲ್ಲ.